ಅಪ್ಪನಿಗೆ ಬಂದ ಸೊನ್ನೆ

ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳೇ,

ಈ ಲೇಖನ ನಿಮಗಾಗಿ. ನಿಮ್ಮಲ್ಲಿ ಕೆಲವರು ಕನ್ನಡವನ್ನು ಸರಾಗವಾಗಿ ಓದುತ್ತೀರಿ, ಕೆಲವರಿಗೆ ಅಮ್ಮನೋ ಅಜ್ಜಿಯೋ ಓದಿ ಹೇಳಬೇಕಾದೀತು. ಹೇಗಾದರೂ ಸರಿ, ಕೊನೆಯವರೆಗೆ ಬನ್ನಿ. ನಾನು ವೈದ್ಯೆಯಲ್ಲ, ಮನಶ್ಶಾಸ್ತ್ರ ಓದಿದವಳೂ ಅಲ್ಲ. ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ ಬೊರಿವಲಿಗೆ ಬಂದು, ಮೂವತ್ತಕ್ಕೂ ಹೆಚ್ಚು ವರ್ಷ ಮನೆ ನಡೆಸಿದ ಗೃಹಿಣಿ. ನಮ್ಮ ಮನೆಯಲ್ಲಿ ನಡೆದದ್ದನ್ನು, ಅದರಿಂದಾಗಿ ನಾನು ಓದಿ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ. ನಮ್ಮ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಎರಡು ವರ್ಷಗಳ ಹಿಂದಿನ ಮಾತು. ಒಂದು ಭಾನುವಾರ ಬೆಳಿಗ್ಗೆ ಮಗನ ಕೈಯಿಂದ ಚಹಾದ ಕಪ್ಪು-ಬಸಿ ಜಾರಿ ನೆಲಕ್ಕೆ ಬಿದ್ದು ಚೂರುಚೂರಾಯಿತು. ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಇವರು ದಡಕ್ಕನೆ ಎದ್ದು ನಿಂತರು. ಮುಖ ಬಿಳಿಚಿಕೊಂಡಿತ್ತು. "ನಾನಲ್ಲ, ನಾನಲ್ಲ" ಎಂದರು. ಅರವತ್ತರ ಅಂಚಿನಲ್ಲಿದ್ದು ನಿವೃತ್ತರಾದ ಮನುಷ್ಯ! ಮರುಕ್ಷಣ ಸಾವರಿಸಿಕೊಂಡು ಬರಿಗೈಯಲ್ಲೇ ಚೂರುಗಳನ್ನು ಹೆಕ್ಕತೊಡಗಿದರು. "ಪಪ್ಪಾ, ಒಂದು ಕಪ್ಪಿಗೆ ಇಷ್ಟು ಗಾಬರಿಯಾ?" ಎಂದು ಮಗ ನಕ್ಕ. ನನಗೆ ನಗು ಬರಲಿಲ್ಲ. ಮದುವೆಯಾದ ಮೇಲೆ ಇದನ್ನು ನಾನು ನಾಲ್ಕಾರು ಸಲ ನೋಡಿದ್ದೆ. ನಮ್ಮ ಮನೆಯಲ್ಲಿ ಸ್ಟೀಲಿನ ಲೋಟಗಳೇ ಹೆಚ್ಚಿರುವುದು ಅದಕ್ಕೇ.

ಇವರು ಕುಂದಾಪುರದ ಕಡೆಯವರು. 1974ರಲ್ಲಿ, 11ನೆಯ ವಯಸ್ಸಿನಲ್ಲಿ, ಊರವರೊಬ್ಬರ ಕೈಹಿಡಿದು ಬಸ್ಸು ಹತ್ತಿ ಬೊಂಬಾಯಿಗೆ ಬಂದವರು. ಫೋರ್ಟಿನ ಒಂದು ಹೊಟೇಲಿನ ಮೋರಿಯಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಅಲ್ಲೇ ಬೆಂಚಿನ ಮೇಲೆ ಮಲಗಿ, ಕನ್ನಡ ರಾತ್ರಿಶಾಲೆಯಲ್ಲಿ ಎಸ್.ಎಸ್.ಸಿ. ಮುಗಿಸಿ, ಮುಂದೆ ಆಫೀಸಿನ ಕೆಲಸಕ್ಕೆ ಸೇರಿದರು. ಇದು ನಿಮ್ಮಲ್ಲಿ ಎಷ್ಟೋ ಜನರ ತಂದೆಯ ಅಥವಾ ಅಜ್ಜನ ಕಥೆಯೂ ಹೌದು. ನಮ್ಮ ಸಂಘದ ಸಮಾರಂಭಗಳಲ್ಲಿ ಇದನ್ನು ಸಾಧನೆಯ ಕಥೆಯಾಗಿ ಹೇಳಿ ಶಾಲು ಹೊದಿಸುತ್ತೇವೆ. ಸಾಧನೆ ಹೌದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಪ್ಪು ಒಡೆದಾಗ ಎದ್ದು ನಿಂತ ಆ ಹುಡುಗ ಯಾರು ಎಂದು ಯಾವ ಸಮಾರಂಭದಲ್ಲೂ ಯಾರೂ ಕೇಳಲಿಲ್ಲ.

ಹತ್ತು ಪ್ರಶ್ನೆ, ಹತ್ತಕ್ಕೂ ಇಲ್ಲ

ನಕ್ಕವನೇ ಆದರೂ ಮಗನ ಮನಸ್ಸಿಗೆ ಅದು ತಟ್ಟಿತ್ತು. ಮರುವಾರ ಫೋನಿನಲ್ಲಿ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಹುಡುಕಿ ತಂದ. ಬಾಲ್ಯದಲ್ಲಿ ಆದ ಕಹಿ ಅನುಭವಗಳನ್ನು ಎಣಿಸುವ ಪಟ್ಟಿ. ಅಮೆರಿಕದ ಫೆಲಿಟ್ಟಿ ಮತ್ತು ಆಂಡಾ ಎಂಬ ವೈದ್ಯರು ಸಾವಿರಾರು ವಯಸ್ಕರನ್ನು ವಿಚಾರಿಸಿ, 1998ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಿಂದ ಬೆಳೆದದ್ದು. ಬಾಲ್ಯದಲ್ಲಿ ಇಂಥ ಅನುಭವಗಳು ಹೆಚ್ಚಿದ್ದಷ್ಟೂ ದೊಡ್ಡವರಾದ ಮೇಲೆ ಹೃದ್ರೋಗ, ಖಿನ್ನತೆ, ಕುಡಿತದಂಥ ತೊಂದರೆಗಳೂ ಹೆಚ್ಚು ಎಂದು ಅದು ತೋರಿಸಿತು.

ಮಗ ಒಂದೊಂದೇ ಪ್ರಶ್ನೆ ಓದಿದ. ತಂದೆತಾಯಿ ಅಥವಾ ಮನೆಯ ಇತರ ದೊಡ್ಡವರು ಹೊಡೆಯುತ್ತಿದ್ದರೇ? ಇಲ್ಲ. ಅವಮಾನಿಸುತ್ತಿದ್ದರೇ? ಇಲ್ಲ. ಮನೆಯಲ್ಲಿ ಯಾರಿಗಾದರೂ ಕುಡಿತದ ಚಟವಿತ್ತೇ? ಇಲ್ಲ. ಯಾರಾದರೂ ಜೈಲಿಗೆ ಹೋಗಿದ್ದರೇ? "ಎಂತ ಮಾತಾಡ್ತಿ ಮಾರಾಯ, ನಮ್ಮದು ಮರ್ಯಾದಸ್ಥರ ಮನೆ!" ಹತ್ತಕ್ಕೆ ಹತ್ತೂ ಇಲ್ಲ. ಬಂದ ಅಂಕ ಸೊನ್ನೆ. "ನೋಡಮ್ಮ, ಪಪ್ಪನಿಗೆ ಏನೂ ಆಗಿಲ್ಲ" ಎಂದು ಮಗ ಸಮಾಧಾನಪಟ್ಟುಕೊಂಡ.

ಆ ಸೊನ್ನೆ ನನ್ನನ್ನು ಕಾಡಿತು. ನನ್ನ ಅಣ್ಣನ ಮಗಳು ಕ್ಲಿನಿಕಲ್ ಸೈಕಾಲಜಿ ಓದುತ್ತಿದ್ದಾಳೆ. ಅವಳಿಗೆ ಫೋನು ಮಾಡಿದೆ. ಅವಳು ಹೇಳಿದ್ದು: "ಅತ್ತೆ, ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ತಂದೆತಾಯಿ ಅಥವಾ ಮನೆಯ ದೊಡ್ಡವರು ಎಂದಿದೆ. ಮಾವನಿಗೆ ಹೊಡೆದವರು ಮನೆಯವರಲ್ಲವಲ್ಲ!"

ನಿಜವೇ. ಇವರ ಅಪ್ಪಯ್ಯ, ಅಮ್ಮ ಪ್ರೀತಿಯ ಜನ. ಬಡತನ ತಾಳಲಾರದೆ ಕಳಿಸಿದರು. ಹೊಡೆತ ಬಿದ್ದದ್ದು ಹೊಟೇಲಿನಲ್ಲಿ, ಕಪ್ಪು ಒಡೆದಾಗ. ಹನ್ನೊಂದು ವರ್ಷದ ಮಗುವನ್ನು ದೂರದ ಊರಿಗೆ ದುಡಿಯಲು ಕಳಿಸಿದ್ದನ್ನು ಎಣಿಸುವ ಪ್ರಶ್ನೆಯೇ ಆ ಪಟ್ಟಿಯಲ್ಲಿಲ್ಲ. ಅದು ಅಮೆರಿಕದ ಮನೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಪಟ್ಟಿ. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯು ಇದರ ಅಂತಾರಾಷ್ಟ್ರೀಯ ರೂಪವೊಂದನ್ನು ಸಿದ್ಧಪಡಿಸಿ, ಮನೆಯ ಹೊರಗಿನ ಹಿಂಸೆ, ಗಲಭೆ, ಯುದ್ಧಗಳ ಪ್ರಶ್ನೆಗಳನ್ನೂ ಸೇರಿಸಿತು. ಅಂದರೆ ಬಲೆಯ ಕಣ್ಣು ಎಷ್ಟು ದೊಡ್ಡದೋ ಅದಕ್ಕೆ ತಕ್ಕ ಮೀನೇ ಸಿಗುವುದು. ಸಿಗದ ಮೀನು ಸಮುದ್ರದಲ್ಲಿಲ್ಲ ಎನ್ನಲಾಗದು.

ಮಾಯದ ಗಾಯಕ್ಕೆ ಹೆಸರು ಬಂದದ್ದು

ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆಗೆ ವೈದ್ಯರ ಪಟ್ಟಿಯಲ್ಲಿ ಈಗಿನ ಹೆಸರು ಸಿಕ್ಕಿದ್ದು 1980ರಲ್ಲಿ, ಅಮೆರಿಕದಲ್ಲಿ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಸ್ಥಿತಿ ಅದಕ್ಕೊಂದು ಮುಖ್ಯ ಕಾರಣ. ಅದಕ್ಕೆ ಒಂದು ವರ್ಷ ಮೊದಲು, 1979ರಲ್ಲಿ, ಹೊರೊವಿಟ್ಜ್ ಮತ್ತು ಸಂಗಡಿಗರು ಒಂದು ಘಟನೆಯ ಪರಿಣಾಮವನ್ನು ಅಳೆಯುವ ಚಿಕ್ಕ ಪ್ರಶ್ನಾವಳಿ ಮಾಡಿದ್ದರು. 1997ರಲ್ಲಿ ಪರಿಷ್ಕರಿಸಿದ ಅದರ 22 ಪ್ರಶ್ನೆಗಳ ರೂಪ ಇಂದಿಗೂ ಬಳಕೆಯಲ್ಲಿದೆ. ಬಹುಕಾಲ, ಪದೇ ಪದೇ ಆದ ಆಘಾತಗಳ ಪರಿಣಾಮ ಬೇರೆಯೇ ಬಗೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಒಪ್ಪಿಕೊಂಡದ್ದು ಅದರ ಹನ್ನೊಂದನೆಯ ಆವೃತ್ತಿಯಲ್ಲಿ. ಅದು ಜಾರಿಗೆ ಬಂದದ್ದು 2022ರಲ್ಲಿ, ಅಂದರೆ ತೀರ ಈಚೆಗೆ.

ನಮ್ಮ ನಾಡಿನಲ್ಲಿಯೂ ಈ ಕೆಲಸ ನಡೆದಿದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ತೀರಿಕೊಂಡರು. ಹೆಚ್ಚಿನವರು ಮಕ್ಕಳು. ಅವರನ್ನು ಕಳೆದುಕೊಂಡ ಬಂಧುಗಳ ದುಃಖವನ್ನು ನಿಮ್ಹಾನ್ಸ್‌ನ ತಜ್ಞರು ಅಧ್ಯಯನ ಮಾಡಿ 1987ರಲ್ಲಿ ಪ್ರಕಟಿಸಿದರು. 1984ರ ಭೋಪಾಲದ ಅನಿಲ ದುರಂತದ ನಂತರ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿಯವರು ಅಲ್ಲಿಯ ಸಾಮಾನ್ಯ ವೈದ್ಯರಿಗೆ ಮನಸ್ಸಿನ ಗಾಯವನ್ನು ಗುರುತಿಸಲು ತರಬೇತಿ ಕೊಡುವುದರಲ್ಲಿ ಮುಂದಾಳಾಗಿದ್ದರು.

ನಮ್ಮ ಮುಂಬಯಿಗೆ ಬಂದರೆ ಲೆಕ್ಕವೇ ಸಾಲದು. 1982ರ ಜನವರಿ 18ರಂದು ಆರಂಭವಾದ ಮಿಲ್ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಬದುಕು ಅಲ್ಲಾಡಿತು. 1992-93ರ ಗಲಭೆ, 1993ರ ಮಾರ್ಚ್ 12ರ ಸ್ಫೋಟಗಳು, 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಸುರಿದ 944 ಮಿಲಿಮೀಟರ್ ಮಳೆ, 2006ರ ಜುಲೈ 11ರಂದು ಪಶ್ಚಿಮ ರೈಲ್ವೆಯ ಲೋಕಲ್‌ಗಳಲ್ಲಿ ಹನ್ನೊಂದೇ ನಿಮಿಷದಲ್ಲಿ ಏಳು ಸ್ಫೋಟ, 2008ರ ನವೆಂಬರ್ 26. ಆ ಜುಲೈ 11ರ ರಾತ್ರಿ ಇವರು ನಡೆದು, ಬಸ್ಸು ಹಿಡಿದು, ಮತ್ತೆ ನಡೆದು ಮನೆ ಸೇರಿದಾಗ ಹನ್ನೊಂದು ಗಂಟೆ. ಒಂದು ಚೊಂಬು ನೀರು ಕುಡಿದು ಮಲಗಿದರು. ಮರುದಿನ ಅದೇ ಲೋಕಲ್ ಹಿಡಿದು ಆಫೀಸಿಗೆ ಹೋದರು. ಪತ್ರಿಕೆಗಳೆಲ್ಲ ಮುಂಬಯಿಯ ಛಲವನ್ನು ಹೊಗಳಿದವು. ಹೋಗದೆ ವಿಧಿಯಿರಲಿಲ್ಲ ಎಂಬುದು ಹೆಂಡಂದಿರಿಗೆ ಗೊತ್ತು.

ಮನಸ್ಸಿನ ಮಾತು ಹೊಟ್ಟೆಯಲ್ಲಿ

ನಮ್ಮ ಹಿರಿಯರು "ನನ್ನ ಮನಸ್ಸಿಗೆ ಗಾಯವಾಗಿದೆ" ಎಂದು ಎಂದೂ ಹೇಳಲಾರರು. ಗ್ಯಾಸ್ ಎನ್ನುತ್ತಾರೆ, ಎದೆಯುರಿ ಎನ್ನುತ್ತಾರೆ, ಸೊಂಟ ಹಿಡಿದಿದೆ, ನಿದ್ದೆ ಬರುವುದಿಲ್ಲ ಎನ್ನುತ್ತಾರೆ. ಇವರಿಗೂ ಇಪ್ಪತ್ತು ವರ್ಷದ ಹೊಟ್ಟೆಯುರಿ. ಮಾಡಿಸದ ಪರೀಕ್ಷೆಯಿಲ್ಲ. ರಿಪೋರ್ಟುಗಳೆಲ್ಲ ಸರಿಯಾಗಿಯೇ ಇವೆ.

ಇದು ನಟನೆಯಲ್ಲ. 1996ರಲ್ಲಿ ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಅಧ್ಯಯನ ಇದರ ಮೇಲೆ ಬೆಳಕು ಚೆಲ್ಲುತ್ತದೆ. ದುಃಖ, ನಿರಾಸೆಗಳನ್ನು ಹೇಳಿಕೊಳ್ಳುವವರಲ್ಲಿ ನಾಚಿಕೆ, ಕಳಂಕದ ಭಾವ ಹೆಚ್ಚಿತ್ತು. ಮೈನೋವನ್ನು ಹೇಳಿಕೊಳ್ಳುವವರಲ್ಲಿ ಕಡಿಮೆಯಿತ್ತು. ಮೈನೋವು ಎಲ್ಲರಿಗೂ ಬರುವಂಥದ್ದು, ಮನಸ್ಸಿನ ನೋವು ಗೊತ್ತಾದರೆ ಮನೆಯ ಮದುವೆ ಸಂಬಂಧಗಳಿಗೂ ಅಡ್ಡಿ ಎಂಬ ಅಂಜಿಕೆ. ಆದ್ದರಿಂದ ಮನಸ್ಸಿನ ಪ್ರಶ್ನೆ ಮಾತ್ರ ಕೇಳುವ ಪ್ರಶ್ನಾವಳಿಗೆ ನಮ್ಮವರು ಸೊನ್ನೆ ಉತ್ತರವನ್ನೇ ಕೊಡುತ್ತಾರೆ.

ಪರೀಕ್ಷೆ ತಯಾರಾಗುವುದು ಹೇಗೆ?

ಇಂಗ್ಲಿಷ್ ಪ್ರಶ್ನೆಗಳನ್ನು ಕನ್ನಡಕ್ಕೆ ತಿರುಗಿಸಿದರಾಯಿತಲ್ಲ ಎಂದು ನಾನು ಕೇಳಿದ್ದೆ. ಸೊಸೆ ನಕ್ಕು ಒಂದು ಉದಾಹರಣೆ ಕೊಟ್ಟಳು. 'ಬೇಜಾರು' ಎಂಬ ಮಾತನ್ನೇ ತೆಗೆದುಕೊಳ್ಳಿ. ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು, ಸ್ನೇಹಿತ ಕರೆಯದಿದ್ದರೂ ಬೇಜಾರು, ಸತ್ತವರ ನೆನಪಾದರೂ ಬೇಜಾರು, ಯಾರ ಮೇಲೋ ಸಿಟ್ಟು ಬಂದರೂ ಬೇಜಾರು. "ನಿಮಗೆ ಆಗಾಗ ಬೇಜಾರಾಗುತ್ತದೆಯೇ?" ಎಂದು ಕೇಳಿದರೆ ನಾಲ್ಕು ಬೇರೆ ಸಂಗತಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದಂತೆ.

ಆದ್ದರಿಂದ ಕ್ರಮ ಹೀಗೆ. ಒಬ್ಬರು ಕನ್ನಡಕ್ಕೆ ಅನುವಾದಿಸುತ್ತಾರೆ. ತಜ್ಞರು ಕೂತು ತಿದ್ದುತ್ತಾರೆ. ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ತಿರುಗಿಸುತ್ತಾರೆ. ಎರಡನ್ನೂ ಹೋಲಿಸಿ ಅರ್ಥ ಎಲ್ಲಿ ಜಾರಿತು ಎಂದು ನೋಡುತ್ತಾರೆ. ಬಳಿಕ ಸಾಮಾನ್ಯ ಜನರ ಮುಂದಿಟ್ಟು, "ಈ ಪ್ರಶ್ನೆ ಕೇಳಿದಾಗ ನಿಮಗೆ ಏನು ಅರ್ಥವಾಯಿತು?" ಎಂದು ಒಬ್ಬೊಬ್ಬರನ್ನೇ ವಿಚಾರಿಸುತ್ತಾರೆ. ಆಮೇಲೆ ಎರಡು ಒರೆಗಲ್ಲು. ಒಂದು, ವಿಶ್ವಾಸಾರ್ಹತೆ: ಅದೇ ಮನುಷ್ಯನಿಗೆ ಸ್ವಲ್ಪ ದಿನ ಬಿಟ್ಟು ಮತ್ತೆ ಕೊಟ್ಟರೆ ಹೆಚ್ಚುಕಡಿಮೆ ಅದೇ ಅಂಕ ಬರಬೇಕು. ಎರಡು, ಸಿಂಧುತ್ವ: ತಾನು ಅಳೆಯುತ್ತೇನೆ ಎಂದದ್ದನ್ನೇ ಅದು ಅಳೆಯಬೇಕು. ನಮ್ಮ ಅಡುಗೆಮನೆಯ ತಕ್ಕಡಿ ಪ್ರತಿ ಸಲವೂ ನೂರು ಗ್ರಾಂ ಹೆಚ್ಚೇ ತೋರಿಸಿದರೆ ಅದು ಒಂದೇ ರೀತಿಯಿದೆ ನಿಜ, ಸರಿಯಾಗಿಲ್ಲ.

ಈ ಕೆಲಸಕ್ಕೆ ನಮ್ಮಲ್ಲಿ ಹಳೆಯ ಮೇಲ್ಪಂಕ್ತಿಯಿದೆ. ಧಾರವಾಡ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ವಿ. ವಿ. ಕಾಮತರು ಮಕ್ಕಳ ಬುದ್ಧಿಶಕ್ತಿಯನ್ನು ಅಳೆಯುವ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿ 1934ರಲ್ಲಿ ಅದರ ಬಗ್ಗೆ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂದೇ ಅದು ದೇಶದಲ್ಲಿ ಹೆಸರಾಯಿತು. ಕನ್ನಡ, ಮರಾಠಿ ಎರಡೂ ಬಲ್ಲವರು ಮಾಡಬಲ್ಲ ಕೆಲಸ ಅದು. ನೀವೂ ಎರಡನ್ನೂ ಬಲ್ಲವರಲ್ಲವೇ?

ಹೇಳದೆ ಉಳಿದದ್ದನ್ನು ಓದುವುದು

ಇನ್ನು ದೊಡ್ಡ ಪ್ರಶ್ನೆ. ಮನುಷ್ಯನಿಗೆ ತನಗೇ ಗೊತ್ತಿಲ್ಲದ ನೋವನ್ನು ಪ್ರಶ್ನೆ ಕೇಳಿ ತಿಳಿಯುವುದು ಹೇಗೆ? 1921ರಲ್ಲಿ ಸ್ವಿಟ್ಜರ್ಲೆಂಡಿನ ರೋರ್ಶಾಕ್ ಹತ್ತು ಮಸಿಕಲೆಗಳನ್ನು ಪ್ರಕಟಿಸಿದ. ಕಲೆಯಲ್ಲಿ ಏನು ಕಾಣುತ್ತದೆ ಎಂದು ಕೇಳಿ ಒಳಮನಸ್ಸನ್ನು ಊಹಿಸುವ ವಿಧಾನ. 1935ರಲ್ಲಿ ಮಾರ್ಗನ್ ಮತ್ತು ಮರ್ರೆ ಚಿತ್ರ ತೋರಿಸಿ ಕಥೆ ಹೇಳಿಸುವ ಪರೀಕ್ಷೆ ತಂದರು. ಕಲ್ಕತ್ತದಲ್ಲಿ ಉಮಾ ಚೌಧರಿಯವರು ಅದಕ್ಕೆ ಭಾರತೀಯ ರೂಪ ಕೊಟ್ಟರು. ಇವು ಉಪಯುಕ್ತವೇ ಆದರೂ ವ್ಯಾಖ್ಯಾನ ಮಾಡುವವರ ಮೇಲೆ ಬಹಳಷ್ಟು ನಿಂತಿವೆ ಎಂಬ ಟೀಕೆ ಮೊದಲಿನಿಂದಲೂ ಇದೆ.

ನನ್ನನ್ನು ಸೆಳೆದದ್ದು ಮತ್ತೊಂದು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಕ್ಯಾರೊಲ್ ಜಾರ್ಜ್, ನ್ಯಾನ್ಸಿ ಕ್ಯಾಪ್ಲನ್ ಮತ್ತು ಮೇರಿ ಮೇಯ್ನ್ ರೂಪಿಸಿದ ಸಂದರ್ಶನ. ಸುಮಾರು ಒಂದು ಗಂಟೆಯ ಮಾತುಕತೆ. "ಬಾಲ್ಯದಲ್ಲಿ ತಾಯಿಯೊಡನೆ ನಿಮ್ಮ ಸಂಬಂಧ ಹೇಗಿತ್ತು? ಐದು ಪದಗಳಲ್ಲಿ ಹೇಳಿ" ಎನ್ನುತ್ತಾರೆ. ಬಳಿಕ ಒಂದೊಂದು ಪದಕ್ಕೂ ಒಂದು ನೆನಪು ಕೇಳುತ್ತಾರೆ. ಅಂಕ ಕೊಡುವುದು ಬಾಲ್ಯ ಒಳ್ಳೆಯದಿತ್ತೋ ಕೆಟ್ಟದಿತ್ತೋ ಎಂಬುದಕ್ಕಲ್ಲ, ಅದನ್ನು ಹೇಳುವ ರೀತಿಗೆ. "ಅಮ್ಮ ದೇವರಂಥವಳು" ಎಂದವರಿಗೆ ಒಂದು ನೆನಪೂ ಬಾರದಿದ್ದರೆ ಅದೊಂದು ಸೂಚನೆ. ಸಾವಿನ ಅಥವಾ ಆಘಾತದ ಮಾತು ಬಂದಾಗ ಎಳೆ ತಪ್ಪುವುದು, ಥಟ್ಟನೆ ಮೌನವಾಗುವುದು, ತೀರಿಕೊಂಡವರು ಇನ್ನೂ ಇದ್ದಾರೆ ಎಂಬಂತೆ ಮಾತಾಡಿಬಿಡುವುದು, ಇಂಥವುಗಳನ್ನು ಅಕ್ಷರ ಅಕ್ಷರವಾಗಿ ಬರೆದುಕೊಂಡು, ಬಹುಕಾಲ ತರಬೇತಿ ಪಡೆದವರು ಓದುತ್ತಾರೆ. ಇತ್ಯರ್ಥವಾಗದ ನೋವು ಎಂಬ ವರ್ಗವೇ ಅದರಲ್ಲಿದೆ.

ಬಿ.ಎ. ತರಗತಿಯಲ್ಲಿ ನಮಗೆ ಬ್ರೌನಿಂಗ್ ಕವಿಯ 'ಮೈ ಲಾಸ್ಟ್ ಡಚೆಸ್' ಇತ್ತು. ಮಾತಾಡುವವನು ಏನನ್ನು ಹೇಳುತ್ತಿಲ್ಲ ಎಂಬುದನ್ನು ಗಮನಿಸಿ ಎಂದು ನಮ್ಮ ಮೇಷ್ಟ್ರು ಪದೇ ಪದೇ ಹೇಳುತ್ತಿದ್ದರು. ಪರೀಕ್ಷೆಗೆಂದು ಓದಿದ ಆ ಪಾಠ ಮನೆಯೊಳಗೆ ಉಪಯೋಗಕ್ಕೆ ಬರಲು ಇಷ್ಟು ವರ್ಷ ಬೇಕಾಯಿತು. ಯಾಕೆಂದರೆ ಇದನ್ನೆಲ್ಲ ಓದಿದ ಮೇಲೆ ನನಗೊಂದು ಮಾತು ಕಿವಿಗೆ ಬಿತ್ತು. ಅವಲಕ್ಕಿ ಕಲಸಿದಾಗಲೆಲ್ಲ ಇವರು "ಅಮ್ಮನಿಗೆ ಅವಲಕ್ಕಿ ಅಂದ್ರೆ ಜೀವ" ಎನ್ನುತ್ತಾರೆ. 'ಜೀವವಾಗಿತ್ತು' ಎಂದು ಒಮ್ಮೆಯೂ ಅಂದಿಲ್ಲ. ನನ್ನ ಅತ್ತೆ ತೀರಿಕೊಂಡದ್ದು 1976ರಲ್ಲಿ. ಆಗ ಇವರಿಗೆ 13. ಸುದ್ದಿ ಕಾಗದದಲ್ಲಿ ಬಂದಾಗ ಊರಲ್ಲಿ ಬೊಜ್ಜವೂ ಮುಗಿದಿತ್ತು. ಇವರು ಊರಿಗೆ ಹೋಗಲಿಲ್ಲ, ಅಳಲೂ ಇಲ್ಲ. ಅಂದು ಸಂಜೆ ಗಿರಾಕಿ ಹೆಚ್ಚಿತ್ತಂತೆ.

ಅಗೆಯುವ ಮುನ್ನ ಎಚ್ಚರ

ಇಲ್ಲಿ ನಿಮಗೊಂದು ಎಚ್ಚರಿಕೆ ಹೇಳಲೇಬೇಕು. ಒಂದು ಮಾತು ಹಿಡಿದು ನಾನು ಇವರಿಗೆ ರೋಗದ ಹೆಸರು ಹಚ್ಚಲಿಲ್ಲ, ನೀವೂ ನಿಮ್ಮವರಿಗೆ ಹಚ್ಚಬೇಡಿ. ಮರೆತ ಘಟನೆಯನ್ನು ಯಾವ ಪರೀಕ್ಷೆಯೂ ಹೊರತೆಗೆದು ತೋರಿಸಲಾರದು. ನೋವಿನ ಗುರುತುಗಳನ್ನು ತೋರಿಸಬಲ್ಲದು, ಅಷ್ಟೇ. 1995ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಸಂಗಡಿಗರು 24 ಮಂದಿಗೆ "ನೀವು ಚಿಕ್ಕವರಿದ್ದಾಗ ಅಂಗಡಿ ಸಂಕೀರ್ಣದಲ್ಲಿ ಕಳೆದುಹೋಗಿದ್ದಿರಿ" ಎಂದು ನಡೆಯದ ಸಂಗತಿಯೊಂದನ್ನು ಮನೆಯವರ ಹೆಸರಿನಲ್ಲಿ ಹೇಳಿದಾಗ, ಸುಮಾರು ಕಾಲುಭಾಗ ಜನ ಅದನ್ನು ಪೂರ್ತಿಯಾಗಿಯೋ ಸ್ವಲ್ಪವಾಗಿಯೋ ನೆನಪಿಸಿಕೊಂಡರು! ಒತ್ತಾಯಿಸಿ ಕೆದಕಿದರೆ ಇಲ್ಲದ ನೆನಪೂ ಹುಟ್ಟೀತು, ಇರುವ ಗಾಯವೂ ಕೀವಾದೀತು. ಫೋನಿನ ಹತ್ತು ಪ್ರಶ್ನೆ ಥರ್ಮಾಮೀಟರ್ ಕೂಡ ಅಲ್ಲ, ಹಣೆ ಮುಟ್ಟಿ ನೋಡಿದಂತೆ. ಜ್ವರವಿದೆ ಎನಿಸಿದರೆ ಮುಂದೆ ಬಲ್ಲವರ ಬಳಿಗೇ ಹೋಗಬೇಕು.

ನಾವೂ ಹೋದೆವು. ಹೊಟ್ಟೆಯುರಿಯ ನೆಪದಲ್ಲೇ ಒಬ್ಬ ಡಾಕ್ಟರು ಮನೋತಜ್ಞರ ಹತ್ತಿರ ಕಳಿಸಿದರು. ಪರೀಕ್ಷೆ ಮರಾಠಿಯಲ್ಲಿ ನಡೆಯಿತು. ಇವರ ಮರಾಠಿ ನನಗಿಂತ ಚೆನ್ನಾಗಿದೆ. ಆದರೂ ಹೊರಗೆ ಬಂದು ಹೇಳಿದರು: "ಮರಾಠಿಯಲ್ಲಿ ಆಫೀಸು ಮಾಡ್ಬಹುದು. ಅಮ್ಮನ ವಿಷಯ ಹೇಳ್ಲಿಕ್ಕೆ ಬರುದಿಲ್ಲ ಮಾರಾಯ್ತಿ."

ಮಕ್ಕಳೇ, ನಾನು ಈ ಲೇಖನ ಬರೆಯಲು ಕುಳಿತದ್ದು ಈ ಒಂದು ಮಾತಿನಿಂದ. ಹೊಟೇಲು, ಢಾಬಾಗಳಲ್ಲಿ ಹದಿನಾಲ್ಕು ತುಂಬದ ಮಕ್ಕಳ ದುಡಿಮೆಗೆ ನಿಷೇಧ ಬಂದದ್ದು 2006ರ ಅಕ್ಟೋಬರ್ 10ರಿಂದ. ಅದಕ್ಕೂ ಮೊದಲು ಬಂದ ಹುಡುಗರು ಈಗ ಅಜ್ಜಂದಿರು. ಅವರ ನೋವನ್ನು ಅವರ ಭಾಷೆಯಲ್ಲಿ ಕೇಳಬಲ್ಲವರು ಈ ಊರಿನಲ್ಲಿ ಎಷ್ಟು ಮಂದಿ? ನಿಮ್ಮಲ್ಲಿ ಇಂಜಿನಿಯರರು, ಸಿ.ಎ.ಗಳು ಬೇಕಾದಷ್ಟಿದ್ದೀರಿ. ನಾಲ್ಕು ಮಂದಿ ಮನಶ್ಶಾಸ್ತ್ರ ಓದಿ. ಹೊಟೇಲಿನ ಮೋರಿ, ಊರಿನ ಕಾಗದ, ಬೆಂಚಿನ ಮೇಲಿನ ನಿದ್ದೆ, ಎದೆ ಧಸಕ್ಕೆನ್ನುವುದು, ಹೊಟ್ಟೆಯಲ್ಲಿ ಸಂಕಟವಾಗುವುದು, ಇವೆಲ್ಲ ಬರುವ ಪ್ರಶ್ನಾವಳಿಯನ್ನು ನೀವು ಮಾಡಬೇಕು. ಅದನ್ನು ಇಂಗ್ಲಿಷಿನಿಂದ ತರಲಾಗದು.

ಅಲ್ಲಿಯವರೆಗೆ ಸಹಾಯವೇ ಇಲ್ಲವೆಂದಲ್ಲ. ಪರೇಲಿನ ಕೆ.ಇ.ಎಂ., ಸಾಯನ್, ನಾಯರ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೂ ಮಾತಾಡಬಹುದು. ಖಾಸಗಿಯಾಗಿ ಹೋಗುವುದಾದರೆ ಕ್ಲಿನಿಕಲ್ ಸೈಕಾಲಜಿಸ್ಟರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ವಿಚಾರಿಸಿ.

ನಮ್ಮ ಮಗ ಈಗ ಪ್ರಶ್ನಾವಳಿ ಬಿಟ್ಟಿದ್ದಾನೆ. ಕಳೆದ ಚೌತಿಯ ಮರುದಿನ ಅವಲಕ್ಕಿ ತಿನ್ನುತ್ತ, "ಪಪ್ಪಾ, ನೀವು ಬೊಂಬಾಯಿಗೆ ಬರುವಾಗ ಬಸ್ಸಿನಲ್ಲಿ ಏನು ತಿಂದಿರಿ?" ಎಂದು ಕೇಳಿದ. ಅಷ್ಟೇ ಕೇಳಿ ಸುಮ್ಮನೆ ಕೂತ. ಇವರು ಬಹಳ ಹೊತ್ತು ತಟ್ಟೆ ನೋಡುತ್ತಿದ್ದರು. ಆಮೇಲೆ, ಅಮ್ಮ ಚೀಲದಲ್ಲಿ ಕಟ್ಟಿ ಕೊಟ್ಟ ಅವಲಕ್ಕಿ ಬೆಲ್ಲವನ್ನು ತಿನ್ನದೆ ಇಟ್ಟುಕೊಂಡಿದ್ದನ್ನು, ಹೊಟೇಲಿನಲ್ಲಿ ತಲೆದಿಂಬಿನ ಹಾಗೆ ಇಟ್ಟು ಮಲಗುತ್ತಿದ್ದುದನ್ನು, ಅದು ಬೂಸ್ಟು ಹಿಡಿದ ಮೇಲೂ ಎಸೆಯಲು ಮನಸ್ಸು ಬಾರದ್ದನ್ನು ಹೇಳಿದರು. ಮೂವತ್ತು ವರ್ಷ ಸಂಸಾರ ಮಾಡಿದ ನನಗೂ ಅದು ಹೊಸ ಸುದ್ದಿ. ಕೊನೆಗೆ ಹೇಳಿದರು, "ಅಮ್ಮನಿಗೆ ಅವಲಕ್ಕಿ ಅಂದ್ರೆ ಜೀವ ಆಗಿತ್ತು."

ಹೊಟ್ಟೆಯುರಿ ಇನ್ನೂ ಇದೆ. ಕಪ್ಪು ಬಿದ್ದರೆ ಈಗಲೂ ಬೆಚ್ಚುತ್ತಾರೆ. ಆದರೆ ಆ ದಿನ ಅವರು ಅತ್ತರು. ಮಗ ಪಕ್ಕದಲ್ಲೇ ಇದ್ದ.